ಹದಿನೇಳು ಸನ್ನೆಗಳ ಮೇಷ್ಟ್ರು

ಹೆಣ್ಣುಮಕ್ಕಳ ಆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಎಲ್ಲರ ಬಾಯಲ್ಲೂ ಅವರು ಸೀಟಿ ಮೇಷ್ಟ್ರು. ಕ್ಷೌರದಂಗಡಿಯಲ್ಲಿ ಕೂತಾಗಲೂ ಕೊರಳಿನ ಸೀಟಿಯನ್ನು ತೆಗೆಯುತ್ತಿರಲಿಲ್ಲ. ಹೊದಿಸಿದ ಬಿಳಿ ಬಟ್ಟೆಯ ಮೇಲೆ ಅದನ್ನು ಎಳೆದು ಇಟ್ಟುಕೊಳ್ಳುತ್ತಿದ್ದರು, ತಾನು ಯಾರ ತಲೆ ಹಿಡಿದಿದ್ದೇನೆಂದು ಕತ್ತರಿ ಹಿಡಿದವನಿಗೂ ಗೊತ್ತಿರಲಿ ಎಂಬಂತೆ. ವಯಸ್ಸು ನಲವತ್ತೆಂಟು. ಹೊಟ್ಟೆ ಅವರಿಗಿಂತ ಅರ್ಧ ಹೆಜ್ಜೆ ಮುಂದೆ ನಡೆಯುತ್ತಿತ್ತು.

ಕಾಲೇಜಿನ ಕ್ರಿಕೆಟ್ ಟೀಮಿನಲ್ಲಿ ಮೂರು ವರ್ಷ ಇದ್ದೆ ಎಂದು ಅವರು ಹೇಳುತ್ತಿದ್ದುದು ಸುಳ್ಳಲ್ಲ. ಇದ್ದರು. ಹನ್ನೆರಡನೆಯವರಾಗಿ ಇದ್ದರು. ಒಮ್ಮೆ ಮಾತ್ರ, ಆಡುವವನೊಬ್ಬನಿಗೆ ಹೊಟ್ಟೆ ಕೆಟ್ಟಾಗ, ಅರ್ಧ ಗಂಟೆ ಬೌಂಡರಿ ಹತ್ತಿರ ನಿಂತಿದ್ದರು. ಆ ಅರ್ಧ ಗಂಟೆಯಲ್ಲಿ ಚೆಂಡು ಆ ಕಡೆಗೆ ಸುಳಿಯಲೇ ಇಲ್ಲ. ಆದರೆ ಇಪ್ಪತ್ತೈದು ವರ್ಷ ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ಆ ಅರ್ಧ ಗಂಟೆ ಎಷ್ಟು ಬೆಳೆದಿತ್ತೆಂದರೆ, ಈಚೆಗೆ ಅದರೊಳಗೆ ಎರಡು ಕ್ಯಾಚುಗಳೂ ಒಂದು ರನ್‌ಔಟೂ ಸೇರಿಕೊಂಡಿದ್ದವು.

ಇಂಥವರನ್ನು ಹೆಡ್ ಮೇಡಂ ಒಂದು ದಿನ ಕೋಣೆಗೆ ಕರೆಸಿದರು. ಮೂಲೆಯಲ್ಲಿ ಎರಡು ದೊಡ್ಡ ಚೀಲ. ಅದರೊಳಗೆ ಉದ್ದನೆಯ ಬ್ಯಾಟುಗಳು, ಚರ್ಮದ ಕೈಗವಸುಗಳು, ಕಬ್ಬಿಣದ ಮುಖವಾಡ, ಚಕ್ಕೋತ ಹಣ್ಣಿನ ತಮ್ಮನಂಥ ಹಳದಿ ಚೆಂಡುಗಳು.

"ಸಾಫ್ಟ್‌ಬಾಲ್ ಸಾಮಾನು ಬಂದಿದೆ," ಎಂದರು ಮೇಡಂ. "ಆರು ವಾರಕ್ಕೆ ಟೂರ್ನಮೆಂಟ್ ಶುರು. ಟೀಮ್ ಕಟ್ಟಿ. ನಿಮಗೆ ಈ ಆಟ ಬರುತ್ತೆ ತಾನೆ?"

"ಬರುತ್ತೆ ಅಂದ್ರೆ? ನೀರು ಕುಡಿದಷ್ಟು ಸುಲಭ ಮೇಡಂ," ಎಂದರು ಮೇಷ್ಟ್ರು. ಆ ಆಟವನ್ನು ಅವರು ಅಲ್ಲಿಯವರೆಗೆ ಕಣ್ಣಿನಿಂದಲೂ ನೋಡಿರಲಿಲ್ಲ.

ಚೀಲದ ತಳದಲ್ಲಿ ಅರವತ್ತು ಪುಟದ ನಿಯಮಗಳ ಪುಸ್ತಕವೊಂದಿತ್ತು. ಅದನ್ನು ಮನೆಗೆ ಒಯ್ದು ನಾಲ್ಕು ಪುಟ ಓದಿದರು. ಐದನೆಯ ಪುಟದಲ್ಲಿ ಚೆಂಡನ್ನು ಸೊಂಟದ ಕೆಳಗಿನಿಂದಲೇ ಎಸೆಯಬೇಕು ಎಂದಿದ್ದನ್ನು ಕಂಡು ನಕ್ಕರು. "ಮಕ್ಕಳಾಟ," ಎಂದು ಪುಸ್ತಕವನ್ನು ಟಿವಿಯ ಮೇಲಿಟ್ಟರು. ಆಮೇಲೆ ಅದು ಅಲ್ಲಿಂದ ಮಾಯವಾಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಹನ್ನೆರಡು ಹುಡುಗಿಯರು ಸೇರಿದರು. ಅವರಲ್ಲಿ ಒಬ್ಬಳು ಮೇಷ್ಟ್ರ ಮಗಳೇ, ಹತ್ತನೇ ಕ್ಲಾಸು. ಗಟ್ಟಿಮುಟ್ಟಾದ ಹುಡುಗಿ, ಕ್ಯಾಚರ್ ಆಗುತ್ತೇನೆಂದು ತಾನೇ ಮುಂದೆ ಬಂದಳು. ಬ್ಯಾಟ್ ಹಿಡಿದವಳ ಬೆನ್ನಿಗೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ ಅದು. ಮೇಷ್ಟ್ರು ಅವತ್ತೇ ಕಟ್ಟಪ್ಪಣೆ ಮಾಡಿದರು: "ಮೈದಾನದಲ್ಲಿ ಅಪ್ಪ ಗಿಪ್ಪ ಅನ್ನಬಾರದು. ಸರ್ ಅನ್ನಬೇಕು. ಶಿಸ್ತು ಅಂದ್ರೆ ಶಿಸ್ತು."

ಮಗಳು ಎಷ್ಟು ಶಿಸ್ತಿನವಳೆಂದರೆ ಆ ರಾತ್ರಿ ಊಟಕ್ಕೆ ಕೂತಾಗಲೂ, "ಸರ್, ಉಪ್ಪು ಈ ಕಡೆ ಕೊಡಿ," ಎಂದಳು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತ ತೆಗೆದು ಬರುವ ಅವಳ ಅಮ್ಮ ನಗು ತಡೆಯಲಾರದೆ ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದರು.

ಮೊದಲ ವಾರ ಹುಡುಗಿಯರು ಚೆಂಡನ್ನು ಮುಟ್ಟಲಿಲ್ಲ. ಎತ್ತರದ ಪ್ರಕಾರ ಸಾಲಾಗಿ ನಿಂತರು. ಎಡ ಬಲ ತಿರುಗಿದರು. ಉಳಿದ ಹೊತ್ತು ನೆಲದ ಮೇಲೆ ಕೂತು ಮೇಷ್ಟ್ರ ಭಾಷಣ ಕೇಳಿದರು. ಎರಡನೇ ವಾರ ಸನ್ನೆಗಳು ಬಂದವು. ಆಟ ನಡೆಯುವಾಗ ಕೋಚ್ ಕೂಗಬಾರದು, ಗುಟ್ಟಾಗಿ ಸನ್ನೆ ಮಾಡಬೇಕು ಎಂದು ಅವರಿಗೆ ಎಲ್ಲಿಂದಲೋ ತಿಳಿದಿತ್ತು. ನೋಟ್‌ಬುಕ್ಕಿನಲ್ಲಿ ಹದಿನೇಳು ಸನ್ನೆ ಬರೆದು ಬಾಯಿಪಾಠ ಮಾಡಿಸಿದರು. ಕಿವಿ ಮುಟ್ಟಿದರೆ ಓಡು. ಮೂಗು ಮುಟ್ಟಿದರೆ ನಿಲ್ಲು. ಕತ್ತು ತಿಕ್ಕಿದರೆ ವಾಪಸ್ ಬಾ. ಹೊಟ್ಟೆ ಸವರಿದರೆ ಚೆಂಡನ್ನು ಮೆಲ್ಲಗೆ ತಟ್ಟು. ಹೀಗೆ ಮೈಯೆಲ್ಲ ಮುಗಿದು ಕೊನೆಗೆ ಮೊಣಕಾಲಿಗೆ ಬಂದು ನಿಂತಿತ್ತು.

ಚೆಂಡು ಎಸೆಯಲು ಆರಿಸಿದ್ದು ಟೀಮಿನಲ್ಲೇ ಉದ್ದದ ಹುಡುಗಿಯನ್ನು. ದರ್ಜಿಯವರ ಮಗಳು, ಎಲ್ಲರೂ ಕರೆಯುತ್ತಿದ್ದುದು ಏಣಿ ಎಂದು. ಅವಳು ತೋಳನ್ನು ಗಿರಗಿಟ್ಟಲೆಯಂತೆ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಚೆಂಡು ಬಿಟ್ಟಾಗ ಮೇಷ್ಟ್ರ ಮಗಳ ಕೈಗವಸಿನಲ್ಲಿ ಪಟಾರ್ ಎಂದು ಸದ್ದಾಯಿತು.

"ಇದೆಲ್ಲ ಏನು ಕಸರತ್ತು?" ಎಂದರು ಮೇಷ್ಟ್ರು. "ಬ್ಯಾಟ್ ಕೊಡಿ ಇಲ್ಲಿ. ಆಡೋದು ಹೇಗೆ ಅಂತ ತೋರಿಸ್ತೀನಿ."

ತೋರಿಸಿದರು. ಮೊದಲ ಚೆಂಡು ಹೋದ ಮೇಲೆ ಬ್ಯಾಟ್ ಬೀಸಿದರು. ಎರಡನೆಯದಕ್ಕೆ ಚೆಂಡು ಬರುವ ಮೊದಲೇ ಬೀಸಿದರು. ಮೂರನೆಯದಕ್ಕೆ ಬೀಸಿದ ರಭಸಕ್ಕೆ ತಾವೇ ಒಂದು ಸುತ್ತು ತಿರುಗಿ ಮಗಳ ಮುಖಕ್ಕೆ ಮುಖ ಕೊಟ್ಟು ನಿಂತರು. ಒಟ್ಟು ಒಂಬತ್ತು ಚೆಂಡು, ಒಂಬತ್ತೂ ಹಿಂದಿನ ಕೈಗವಸಿಗೆ. ಹನ್ನೊಂದು ಹುಡುಗಿಯರು ತಮ್ಮ ತಮ್ಮ ಶೂಗಳ ಲೇಸನ್ನು ಭಾರೀ ಆಸಕ್ತಿಯಿಂದ ನೋಡತೊಡಗಿದರು.

"ಬ್ಯಾಟಿನ ತೂಕ ಸರಿಯಿಲ್ಲ," ಎಂದರು ಮೇಷ್ಟ್ರು.

ಕುಣಿಯಲಾರದವಳಿಗೆ ನೆಲ ಡೊಂಕು.

ನಾಲ್ಕನೇ ವಾರದ ಶನಿವಾರ ಪಕ್ಕದ ಶಾಲೆಯವರ ಜೊತೆ ಅಭ್ಯಾಸದ ಪಂದ್ಯ ಇಟ್ಟುಕೊಂಡರು. ಅದಕ್ಕೆಂದೇ ಮೇಷ್ಟ್ರು ಹೊಸ ಟ್ರ್ಯಾಕ್‌ಸೂಟ್ ಕೊಂಡರು, ಕಡು ನೀಲಿ, ಬೆನ್ನ ಮೇಲೆ ಕೋಚ್ ಎಂದು ಬಿಳಿಯ ಅಕ್ಷರ.

"ರೀ, ಹೊಸ ಬಟ್ಟೆ, ಒಂದ್ಸಲ ನೀರಿಗೆ ಹಾಕಿ ಹಾಕ್ಕೊಳ್ಳಿ. ನಿಮ್ಮ ಚರ್ಮ ಮೊದಲೇ ಸೂಕ್ಷ್ಮ," ಎಂದರು ಹೆಂಡತಿ.

"ನೀರಿಗೆ ಹಾಕಿದ್ರೆ ಹೊಳಪು ಹೋಗುತ್ತೆ," ಎಂದು ಮೇಷ್ಟ್ರು ಹೊರಟೇಬಿಟ್ಟರು.

ಎದುರಾಳಿ ಕೋಚ್ ನಿವೃತ್ತಿಗೆ ಹತ್ತಿರವಾದ ಹೆಂಗಸು, ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ. ಒಂದು ಮಡಿಸುವ ಕುರ್ಚಿ ತಂದು ನೆರಳಲ್ಲಿ ಕೂತವರು ಕೊನೆಯವರೆಗೂ ಏಳಲಿಲ್ಲ. ಮೇಷ್ಟ್ರು ಬಿಸಿಲಲ್ಲಿ ನಿಂತಿದ್ದರು. ಹತ್ತು ನಿಮಿಷಕ್ಕೆ ಬೆವರು ಬಂತು. ಹದಿನೈದು ನಿಮಿಷಕ್ಕೆ ತುರಿಕೆ ಬಂತು.

ಕೈಲಾಗದವನು ಮೈ ಪರಚಿಕೊಂಡ ಎಂಬ ಗಾದೆಯನ್ನು ಆ ಮೈದಾನದಲ್ಲಿದ್ದವರೆಲ್ಲ ಅವತ್ತು ಕಣ್ಣಾರೆ ಕಂಡರು. ಹೊಡೆದವಳು ಒಂದೊಂದಾಗಿ ಮುಟ್ಟುತ್ತಾ ಸುತ್ತಬೇಕಾದ ನಾಲ್ಕು ಬೇಸುಗಳಲ್ಲಿ ಮೊದಲನೆಯದರಲ್ಲಿ ನಿಂತಿದ್ದವಳು ಮಿಡತೆ ಎಂಬ ಚೋಟುದ್ದದ ಹುಡುಗಿ, ಟೀಮಿನಲ್ಲೇ ಚುರುಕು. ಮೇಷ್ಟ್ರು ಕಿವಿಯ ಹಿಂದೆ ಕೆರೆದುಕೊಂಡರು. ಮಿಡತೆ ಎದ್ದುಬಿದ್ದು ಓಡಿದಳು. ಬೆವರು ಮೂಗಿನ ತುದಿಗೆ ಇಳಿಯಿತು, ಒರೆಸಿಕೊಂಡರು. ಮಿಡತೆ ನಡುದಾರಿಯಲ್ಲಿ ಗಕ್ಕನೆ ನಿಂತಳು. ಕತ್ತು ಉರಿಯಿತು, ತಿಕ್ಕಿದರು. ಮಿಡತೆ ವಾಪಸ್ ತಿರುಗಿದಳು. ಅಷ್ಟರಲ್ಲಿ ಚೆಂಡು ಹಿಡಿದ ಎದುರಾಳಿ ಹುಡುಗಿ ಅವಳ ಹೆಗಲು ಮುಟ್ಟಿ ನಗುತ್ತಾ ಔಟ್ ಮಾಡಿದಳು. ಆಮೇಲೆ ಬ್ಯಾಟ್ ಹಿಡಿದು ಬಂದ ಏಣಿಗೆ, ಎತ್ತಿ ಹೊಡೆಯಬೇಕಾದ ಚೆಂಡು ಸಿಕ್ಕಾಗಲೆಲ್ಲ ಮೇಷ್ಟ್ರು ಎರಡೂ ಕೈಯಿಂದ ಹೊಟ್ಟೆ ಉಜ್ಜಿಕೊಳ್ಳುತ್ತಿದ್ದರು. ಅವಳು ನಿಟ್ಟುಸಿರು ಬಿಟ್ಟು ಮೆಲ್ಲಗೆ ತಟ್ಟುತ್ತಿದ್ದಳು.

ಸೋತರು. ಅವರು ಹದಿನಾರು, ಇವರು ಎರಡು.

ಕುರ್ಚಿ ಮಡಿಸಿಕೊಂಡ ಹೆಂಗಸು ಹೋಗುವಾಗ ಹತ್ತಿರ ಬಂದರು. "ನಿಮ್ಮ ಹುಡುಗಿಯರು ತುಂಬಾ ವಿಧೇಯರು ಸರ್. ಹೇಳಿದ್ದನ್ನೆಲ್ಲ ಮಾಡ್ತಾರೆ."

"ಥ್ಯಾಂಕ್ಸ್," ಎಂದರು ಮೇಷ್ಟ್ರು.

"ಹೊಗಳಿದ್ದಲ್ಲ," ಎಂದು ಆಕೆ ಹೋದರು.

ಮನೆಯಲ್ಲಿ ಹೆಂಡತಿ ಪೌಡರ್ ಡಬ್ಬಿ ಮುಂದಿಟ್ಟರು. "ಹಚ್ಕೊಳ್ಳಿ ರೀ. ಇಲ್ಲಿ ಕೆರ್ಕೊಂಡ್ರೆ ಇವಳು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡ್ತಾಳೆ." ಮಗಳು ನಗಲಿಲ್ಲ. ಮೊಣಕೈ ತರಚಿದ್ದಕ್ಕೆ ಮುಲಾಮು ಹಚ್ಚಿಕೊಂಡು ಸುಮ್ಮನೆ ಮಲಗಿದಳು. ಅವಳು ಬೈದಿದ್ದರೆ ಮೇಷ್ಟ್ರಿಗೆ ವಾಸಿಯಿತ್ತು.

ಅವರು ಮಾತ್ರ ತಪ್ಪೆಲ್ಲ ಹುಡುಗಿಯರದೇ ಎಂದು ತೀರ್ಮಾನಿಸಿದ್ದರು. ಸೋಮವಾರ ಸಂಜೆ ಮೈದಾನಕ್ಕೆ ಇಪ್ಪತ್ತು ಸುತ್ತು ಓಡಿಸುವುದು ಎಂದು ನಿಶ್ಚಯವಾಯಿತು. ಸುತ್ತಿನ ಗೆರೆ ಎಳೆಯಲು ಸುಣ್ಣದ ಚೀಲ ಹೊತ್ತುಕೊಂಡು ಅವತ್ತು ಬೆಳಗ್ಗೆ ಐದೂಮುಕ್ಕಾಲಿಗೇ ಶಾಲೆಗೆ ಬಂದರು. ಮಗಳ ಹಾಸಿಗೆ ಖಾಲಿಯಿದ್ದುದನ್ನು ನೋಡಿ, ಟ್ಯೂಷನ್‌ಗೆ ಹೋಗಿರಬೇಕು ಎಂದುಕೊಂಡಿದ್ದರು.

ಮೈದಾನದಲ್ಲಿ ಹನ್ನೆರಡೂ ಜನ ಇದ್ದರು.

ಮೇಷ್ಟ್ರು ಸೈಕಲ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತರು. ಏಣಿ ಎಸೆಯುತ್ತಿದ್ದಳು. ಮಿಡತೆ ಹೊಡೆದು ಓಡಿದಳು. ಎಲ್ಲಿಂದಲೋ ಬಂದ ಚೆಂಡು ಎರಡು ಕೈ ದಾಟಿ ಬೇಸಿಗೆ ಸರಿಯಾಗಿ ತಲುಪಿತು. ಸನ್ನೆ ಇಲ್ಲ, ಭಾಷಣವಿಲ್ಲ. ಮುಖವಾಡ ತಲೆಯ ಮೇಲೆ ಸರಿಸಿಕೊಂಡ ಅವರ ಮಗಳು, "ಎರಡಕ್ಕೆ! ಎರಡನೇ ಬೇಸಿಗೆ ಎಸಿ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಪಕ್ಕದಲ್ಲಿ ಒಂದು ಇಟ್ಟಿಗೆಯ ಕೆಳಗೆ, ಗಾಳಿಗೆ ಹಾರದಂತೆ, ಟಿವಿಯ ಮೇಲಿಟ್ಟಿದ್ದ ಆ ಪುಸ್ತಕ.

ಚೆಂಡೊಂದು ಉರುಳುತ್ತಾ ಬಂದು ಮೇಷ್ಟ್ರ ಕಾಲಿಗೆ ತಾಗಿತು. ಹಿಂದೆಯೇ ಮಿಡತೆ ಬಂದಳು, ಕಂಡು ಕಂಬಕ್ಕಿಂತ ನೆಟ್ಟಗೆ ನಿಂತಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ಮೊದಲನೇ ವಾರದಿಂದ ಸರ್."

"ಹಾಗಾದ್ರೆ ಸಂಜೆ ನನ್ನ ಪ್ರಾಕ್ಟೀಸ್‌ಗೆ ಯಾಕೆ ಬರ್ತಿದ್ರಿ?"

ಉತ್ತರ ಕೊಟ್ಟಿದ್ದು ಹಿಂದಿನಿಂದ ಬಂದ ಏಣಿ. "ಬೆಳಗ್ಗೆ ಆಡಿ ಸುಸ್ತಾಗಿರುತ್ತೆ ಸರ್. ಸಂಜೆ ನಿಮ್ಮ ಭಾಷಣ ಕೇಳ್ತಾ ಕೂತ್ರೆ ರೆಸ್ಟ್ ಸಿಗುತ್ತೆ." ಅವಳು ಕುಹಕವಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅದೇ ಹೆಚ್ಚು ಚುಚ್ಚಿತು.

"ಇಷ್ಟು ಚೆನ್ನಾಗಿ ಆಡೋರು ಮೊನ್ನೆ ಯಾಕೆ ಸೋತ್ರಿ?"

ಮಗಳು ಮುಖವಾಡ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಅಷ್ಟು ಜನದ ಮುಂದೆ ನಿಮ್ಮ ಸನ್ನೆ ಮೀರಿದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತು. ಅದಕ್ಕೇ ಸೋತ್ವಿ."

ಮೇಷ್ಟ್ರ ಬಾಯಲ್ಲಿ ಹತ್ತು ಮಾತು ಸಿದ್ಧವಾಗಿದ್ದವು. ಶಿಸ್ತು, ಗುರು, ಹಿರಿಯರು. ಆದರೆ ಸುಣ್ಣದ ಚೀಲವನ್ನು ಹೆಗಲಿನಿಂದ ಇಳಿಸಿದರು. ಕೇಳಿದರು, "ಮತ್ತೆ ನಾನೇನು ಮಾಡ್ಲಿ?"

ಮಗಳು ಮೈದಾನದ ಅಂಚಿಗೆ ಕೈ ತೋರಿಸಿದಳು. "ಚೆಂಡು ನೀರಿನ ಟ್ಯಾಂಕಿನ ಹಿಂದೆ ಹೋದ್ರೆ ಮುಳ್ಳಲ್ಲಿ ಹುಡುಕೋಕೆ ಹತ್ತು ನಿಮಿಷ ಹಿಡಿಯುತ್ತೆ. ಅಲ್ಲಿ ಒಬ್ಬರು ನಿಂತ್ರೆ ಉಪಕಾರ."

ಹೀಗೆ ಉಳಿದ ಎರಡು ವಾರ ಕೋಚ್ ಸಾಹೇಬರು ದಿನಾ ಬೆಳಗ್ಗೆ ಟ್ಯಾಂಕಿನ ಹಿಂದೆ ಮುಳ್ಳಿನ ನಡುವೆ ನಿಂತರು. ಚೆಂಡು ಬಂದಾಗ ಹೆಕ್ಕಿ ಎಸೆದರು. ಬಾರದಿದ್ದಾಗ ಮಾಡಲು ಬೇರೆ ಕೆಲಸವಿಲ್ಲದೆ ಪುಸ್ತಕ ಓದಿದರು. ಪಶ್ಚಾತ್ತಾಪದಿಂದ ಓದಿದರು ಎಂದರೆ ಮೇಷ್ಟ್ರಿಗೆ ಅನ್ಯಾಯವಾದೀತು. ಬೇಸರದಿಂದ ಓದಿದರು. ಆದರೂ ಅರವತ್ತು ಪುಟ ಓದಿದರು, ಕೆಲವನ್ನು ಎರಡು ಸಲ. ಊಟದ ಹೊತ್ತಿಗೆ ಅಪ್ಪ ಮಗಳಿಗೆ ನಿಯಮಗಳ ಮೇಲೆ ವಾದ ಹತ್ತುತ್ತಿತ್ತು. ಹೆಂಡತಿ, "ಅನ್ನ ಆರ್ತಿದೆ, ಆಮೇಲೆ ಔಟಾಗಿ," ಎನ್ನುತ್ತಿದ್ದರು. ಶಾಲೆಯಲ್ಲಿ ಯಾರಾದರೂ ಕೇಳಿದರೆ ಮಾತ್ರ, "ಬೆಳಗ್ಗೆ ಐದೂವರೆಗೇ ಎಬ್ಬಿಸಿ ಕರ್ಕೊಂಡ್ ಬರ್ತೀನಿ. ನನ್ನ ಹತ್ರ ಮುಲಾಜಿಲ್ಲ," ಎನ್ನುವುದನ್ನು ಅವರು ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಟೂರ್ನಮೆಂಟಿನ ಮೊದಲ ಪಂದ್ಯ. ಕೊನೆಯ ಸರದಿ, ಎರಡೂ ಕಡೆ ತಲಾ ಐದು ರನ್ನು. ಇಬ್ಬರು ಔಟಾಗಿದ್ದರು, ಇನ್ನೊಬ್ಬರು ಔಟಾದರೆ ಸರದಿ ಮುಗಿಯಿತು. ಮೂರನೇ ಬೇಸಿನಲ್ಲಿ ಏಣಿ ಕಾಯುತ್ತಿದ್ದಳು. ಬ್ಯಾಟ್ ಮಿಡತೆಯ ಕೈಯಲ್ಲಿ. ಎರಡು ಸಲ ಬೀಸಿ ತಪ್ಪಿದ್ದಳು, ಮೂರನೆಯದೂ ತಪ್ಪಿತು. ಜನ ಅಯ್ಯೋ ಎಂದರು. ಆದರೆ ಚೆಂಡು ಎದುರಾಳಿ ಕ್ಯಾಚರಿನ ಕೈಗವಸಿನಿಂದ ಜಾರಿ ಹಿಂದಕ್ಕೆ ಉರುಳಿತು. ಮಿಡತೆ ಬ್ಯಾಟ್ ಬಿಸಾಕಿ ಓಡಿ ಮೊದಲ ಬೇಸು ಮುಟ್ಟಿದಳು. ಆ ಕಡೆಯಿಂದ ಏಣಿ ನಾಲ್ಕೇ ದಾಪುಗಾಲಿಗೆ ಮನೆ, ಅಂದರೆ ಕೊನೆಯ ಬೇಸು, ಮುಟ್ಟಿದಳು.

ಅಂಪೈರ್ ಕೈ ಎತ್ತಿದ. "ಮೂರು ಸಲ ತಪ್ಪಿದ್ದಾಳೆ, ಔಟ್. ರನ್ ಇಲ್ಲ."

ಮೇಷ್ಟ್ರು ಮೈದಾನದೊಳಗೆ ನಡೆದರು. ಓಡಲಿಲ್ಲ, ಸೀಟಿ ಊದಲಿಲ್ಲ. "ಸರ್, ಮೂರನೇ ಚೆಂಡನ್ನ ಕ್ಯಾಚರ್ ಹಿಡೀಲಿಲ್ಲ. ಇಬ್ಬರು ಔಟಾಗಿರುವಾಗ ಹಿಡೀದೆ ಬಿಟ್ರೆ ಬ್ಯಾಟ್ ಮಾಡಿದವಳು ಓಡಬಹುದು. ಅವಳು ಬೇಸ್ ಮುಟ್ಟಿದ ಮೇಲೆ ಔಟ್ ಎಲ್ಲಿಂದ ಬಂತು?"

"ನೀವು ಆಟ ಆಡಿದ್ದೀರಾ?" ಎಂದು ಅಂಪೈರ್ ರೇಗಿದ.

ಹಿಂದೆ ಹನ್ನೆರಡು ಹುಡುಗಿಯರು ಉಸಿರು ಬಿಗಿಹಿಡಿದರು.

"ಇಲ್ಲ," ಎಂದರು ಮೇಷ್ಟ್ರು. "ಓದಿದ್ದೀನಿ."

ಮುಖ್ಯ ಅಂಪೈರನ್ನು ಕರೆಸಿದರು. ಅವರು ಪುಸ್ತಕ ತಿರುವಿ, ಕನ್ನಡಕ ಸರಿ ಮಾಡಿಕೊಂಡು, ಮತ್ತೊಮ್ಮೆ ಓದಿ, ರನ್ ಕೊಟ್ಟರು. ಆರು ಐದು. ಹುಡುಗಿಯರು ಮಿಡತೆಯನ್ನು ಎತ್ತಿ ಕುಣಿದರು. ಮೇಷ್ಟ್ರನ್ನು ಎತ್ತಲು ಯಾರೂ ಧೈರ್ಯ ಮಾಡಲಿಲ್ಲ. ಮಗಳು ಬಂದು ಅವರ ತೋಳಿಗೆ ಗುದ್ದಿ ಹೋದಳು, ಜೋರಾಗಿಯೇ.

ಮುಂದಿನ ಪಂದ್ಯದಲ್ಲಿ ಕುರ್ಚಿಯ ಹೆಂಗಸಿನ ಟೀಮಿಗೆ ಸೋತು ಮನೆಗೆ ಬಂದರು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಮೇಷ್ಟ್ರು ತಮ್ಮ ಕಟ್ಟುನಿಟ್ಟಿನ ತರಬೇತಿಯ ಕಥೆಯನ್ನು ರಂಗುರಂಗಾಗಿ ಹೇಳಿದರು. ಎಲ್ಲರೂ ತಲೆದೂಗಿದರು, ಎಲ್ಲರೂ ನಂಬಿದರು. ಕೊನೆಗೆ, ಜೀವನದಲ್ಲಿ ತಾವು ನಿಜವಾಗಿ ಮಾಡಿದ ಆ ಒಂದೇ ಒಂದು ಕೆಲಸದ ಸುದ್ದಿಗೆ ಬಂದರು. ಬೆಂಚಿನ ಮೇಲೆ ಡಸ್ಟರು, ಸೀಮೆಸುಣ್ಣ, ಲೋಟಗಳನ್ನು ಇಟ್ಟು ಬೇಸು ತೋರಿಸಿ, ಜಾರಿದ ಚೆಂಡಿನ ನಿಯಮ ವಿವರಿಸಿದರು.

ಗಣಿತದ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. "ಏನ್ ಮೇಷ್ಟ್ರೇ, ಮೂರು ಸಲ ಫೇಲಾದವಳು ಪಾಸ್ ಹೇಗಾದ್ಲು?" ಎಂದು ನಕ್ಕು, ಅವರ ಎರಡನೇ ಬೇಸನ್ನು ಎತ್ತಿಕೊಂಡು ಅದರಲ್ಲಿದ್ದ ಚಹಾ ಕುಡಿದು, ಕ್ಲಾಸಿಗೆ ಹೋದರು.