ಪಾಪು ಮತ್ತು ಒರಾಂಡಾ

ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಬರೆದ ಹೆಸರೊಂದು ನನ್ನ ಮಗಳಿಗಿದೆ. ಜಾತಕ ನೋಡಿ, ಎರಡೂ ಮನೆಯ ಹಿರಿಯರು ವಾರಗಟ್ಟಲೆ ಎಳೆದಾಡಿ ಇಟ್ಟದ್ದು. ಆಮೇಲೆ ಮನೆಯಲ್ಲಿ ಯಾರೂ ಅದನ್ನು ಬಳಸಲಿಲ್ಲ. ಮೈಸೂರಿನಿಂದ ನೈರೋಬಿಗೆ ಬಂದಾಗ ಅವಳು ಪಾಪು, ನನ್ನ ಭುಜದೆತ್ತರ ಬೆಳೆದ ಮೇಲೂ ಪಾಪುವೇ.

ಒಂದು ಸಂಜೆ ಅಪ್ಪರ್ ಹಿಲ್ಲಿನ ಆಫೀಸಿನಿಂದ ನೇರವಾಗಿ ಶಾಲೆಗೆ ಹೋಗಿ, ಗೇಟಿನ ಬಳಿ ಗೆಳತಿಯರ ಜೊತೆ ನಿಂತಿದ್ದವಳನ್ನು "ಪಾಪೂ" ಎಂದು ಗಟ್ಟಿಯಾಗಿ ಕೂಗಿದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಕಾರಿನಲ್ಲಿ ಅವಳು ಕಿಟಕಿಯತ್ತ ಮುಖ ಮಾಡಿ ಕೂತಳು.

"ಡೋಂಟ್ ಕಾಲ್ ಮಿ ದಟ್, ಅಮ್ಮ. ಎವರ್."

"ಮತ್ತೇನಂತ ಕರೀಲೇ? ಮೇಡಂ ಅನ್ಲಾ?"

ನಾನೂ ಏನು ಕಡಿಮೆ ಬಿಗುಮಾನದವಳಲ್ಲ. ಅಂದಿನಿಂದ ಊಟಕ್ಕೆ ಕರೆಯಲಿಕ್ಕೂ ಬೈಯಲಿಕ್ಕೂ ಅಕ್ಕಿಯ ಮೇಲಿನ ಹೆಸರನ್ನೇ ಬಳಸಿದೆ. ಪ್ರತಿ ಸಲ ಬೇರೆ ಯಾರದೋ ಮಗಳನ್ನು ಕರೆದಂತಾಗುತ್ತಿತ್ತು.

ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿನ ಮೇಲಿನ ಮನೆಯಲ್ಲಿ ಜಪಾನಿನ ಹಿರಿಯ ಹೆಂಗಸೊಬ್ಬರಿದ್ದರು. ಗಂಡ ಡಚ್ಚರು, ಹಿಂದಿನ ವರ್ಷ ತೀರಿಕೊಂಡಿದ್ದರು. ಶನಿವಾರ ಅವರು ಮಗಳಿಗೆ ಜಪಾನಿ ಭಾಷೆ ಹೇಳಿಕೊಡುತ್ತಿದ್ದರು. ನಾನು ಅವರ ಸೋಫಾದಲ್ಲಿ ಕೂತು ಟೀ ಕುಡಿಯುತ್ತಿದ್ದೆ. ಒಂದು ದಿನ ಭೂಪಟ ಹರಡಿಕೊಂಡಿದ್ದಾಗ ಮಗಳು ಕೇಳಿದಳು, ನೆದರ್ಲೆಂಡ್ಸನ್ನು ನೀವು ಯಾಕೆ ಒರಾಂಡಾ ಅನ್ನುತ್ತೀರಿ ಎಂದು.

"ಆ ಹೆಸರು ನಮಗೆ ಹೇಳಿಕೊಟ್ಟವರು ಆ ದೇಶದವರಲ್ಲ, ಅವರಿಗಿಂತ ಮೊದಲು ಬಂದ ಪೋರ್ಚುಗೀಸರು," ಎಂದರು ಅವರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಅವರ ಬಾಯಲ್ಲಿ ಹಾಲೆಂಡ್ ಅಂದರೆ ಒಲಾಂಡಾ. ನಮ್ಮ ನಾಲಿಗೆಗೆ ಅದು ಒರಾಂಡಾ. ಆಮೇಲೆ ಡಚ್ಚರೇ ವ್ಯಾಪಾರಕ್ಕೆ ಬಂದರು. ಆದರೆ ಅದೇ ಹೆಸರು ಉಳಿದುಬಿಟ್ಟಿತು."

ಅಂಕಲ್‌ಗೆ ಬೇಜಾರಾಗುತ್ತಿರಲಿಲ್ಲವೇ ಎಂದಳು ಮಗಳು.

"ಮೊದಮೊದಲು ಸಿಟ್ಟು ಬರುತ್ತಿತ್ತು. ಹಾಲೆಂಡ್ ನಮ್ಮ ದೇಶದ ಒಂದು ಭಾಗ ಮಾತ್ರ ಅಂತ ನನ್ನ ಅಮ್ಮನಿಗೆ ದೊಡ್ಡ ಪಾಠವನ್ನೇ ಮಾಡಿದ್ದರು. ಅಮ್ಮ ಎಲ್ಲ ಕೇಳಿಸಿಕೊಂಡು, ಮರ್ಯಾದೆಗೊಂದು ಸಾನ್ ಸೇರಿಸಿ, 'ಒರಾಂಡಾ-ಸಾನ್, ಊಟಕ್ಕೆ ಏಳಿ' ಅಂದರು. ಇವರು ಎದ್ದು ಊಟ ಮಾಡಿದರು." ನಕ್ಕರು. "ಆಮೇಲೆ ನಾನೂ ಹಾಗೇ ಕರೆದೆ. ನಾನು ಅವರ ನಿಜವಾದ ಹೆಸರು ಹಿಡಿದು ಕರೆದರೆ, ಏನು ತಪ್ಪು ಮಾಡಿದೆ ಅಂತ ಕೇಳುತ್ತಿದ್ದರು. ಈಗ ಒರಾಂಡಾ ಎಂದು ಕರೆದರೆ ಓಗೊಡಲು ಮನೆಯಲ್ಲಿ ಯಾರೂ ಇಲ್ಲ."

ಅವರ ಮುಖ ನೋಡಲಾಗದೆ ನಾನು ಕಪ್ಪು ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ತಿರುಗಿ ಬಂದಾಗಲೂ ಮಗಳು ಆ ಪುಟ್ಟ ದೇಶದ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು.

ಮುಂದಿನ ತಿಂಗಳು ಶಾಲೆಯವರು ಮಕ್ಕಳನ್ನು ಮೊಂಬಾಸಾಗೆ ಕರೆದೊಯ್ದರು. ಅವಳು ನನ್ನನ್ನು ಬಿಟ್ಟು ಹೊರಟದ್ದು ಅದೇ ಮೊದಲು. ಬಸ್ಸಿನ ತುಂಬ ಗೆಳತಿಯರು. ನಾನು ಜೋಪಾನವಾಗಿ ಅಕ್ಕಿಯ ಮೇಲಿನ ಹೆಸರನ್ನೇ ಹೇಳಿ ಕೈಬೀಸಿದೆ. ಹತ್ತಿದ್ದವಳು ಇಳಿದು ಬಂದಳು. ಕಣ್ಣು ತುಂಬಿತ್ತು.

"ಅಮ್ಮ, ಸೇ ಇಟ್ ಪ್ರಾಪರ್ಲಿ."

"ಹುಷಾರಾಗಿ ಹೋಗ್ಬಾ, ಪಾಪು," ಎಂದೆ. ಮೆಲ್ಲಗೇನೂ ಹೇಳಲಿಲ್ಲ.

ಕಿಟಕಿಯಿಂದ ಒಬ್ಬ ಹುಡುಗಿ ತಲೆ ಹೊರಹಾಕಿ ಕೇಳಿದಳು, "ಹೂ ಈಸ್ ಪಾಪು?"

"ಮಿ," ಎಂದಳು ಮಗಳು, ಮೆಟ್ಟಿಲು ಹತ್ತುತ್ತ. "ಇನ್ ಕನ್ನಡ."