ನೈರೋಬಿಯಲ್ಲಿ ನನಗೆ ಬೈದವರು

ಅದು 1974ನೇ ಇಸವಿಯ ಮೇ ತಿಂಗಳು. ನನ್ನ ತಂಗಿ ವಿಮಲಾಳನ್ನು ನೋಡಲು ನೈರೋಬಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ನಾವಾಗ ಮುಂಬಯಿಯ ವಡಾಲದಲ್ಲಿ, ಒಂದು ಬಿಲ್ಡಿಂಗಿನ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದೆವು. ಅಮ್ಮ, ನಾನು, ವಿಮಲಾ, ಮೂರೇ ಜನ. ನಮ್ಮದು ಮೈಸೂರು ಕಡೆ. ನಾನು ಫೋರ್ಟ್ ಬಡಾವಣೆಯ ಒಂದು ಖಾಸಗಿ ಕಂಪನಿಯಲ್ಲಿ ಗುಮಾಸ್ತನಾಗಿದ್ದೆ, ವಿಮಲಾ ಟೆಲಿಫೋನ್ ಆಪರೇಟರ್.

ಹುಡುಗ ಪ್ರಭಾಕರ ನೈರೋಬಿಯ ಒಂದು ಶಾಲೆಯಲ್ಲಿ ಗಣಿತದ ಮೇಷ್ಟರು. ರಜೆಗೆಂದು ತಾಯಿಯ ಜೊತೆ ಬಂದು ಸಾಂತಾಕ್ರೂಜಿನ ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದರು. ಹುಡುಗನ ಫೋಟೋ ನೋಡಿ ವಿಮಲಾ ಏನೂ ಹೇಳಿರಲಿಲ್ಲ. ಆದರೆ ಅದನ್ನು ಅಮ್ಮನಿಗೆ ವಾಪಸ್ ಕೊಟ್ಟಿರಲೂ ಇಲ್ಲ. ಅದಕ್ಕಿಂತ ಹೆಚ್ಚಿನ ಒಪ್ಪಿಗೆ ನಮಗೆ ಬೇಕಿರಲಿಲ್ಲ.

ಇಲ್ಲಿ ನನ್ನ ಸಿನಿಮಾದ ಕತೆ ಸ್ವಲ್ಪ ಹೇಳಬೇಕು. ನಗಬೇಡಿ, ನಾನೊಂದು ಹಿಂದಿ ಸಿನಿಮಾದಲ್ಲಿ ನಟಿಸಿದ್ದೇನೆ. ಈ ಹೆಣ್ಣು ನೋಡುವ ಮಾತಿಗೆ ನಾಲ್ಕೈದು ವರ್ಷ ಹಿಂದೆ ನಾವು ಗೆಳೆಯರು ಸೇರಿ ಮಾಟುಂಗಾದಲ್ಲಿ ಒಂದು ನಾಟಕ ಆಡಿದ್ದೆವು. ನನ್ನದು ದುಷ್ಟ ಜಮೀನ್ದಾರನ ಪಾತ್ರ. ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಮಿಶ್ರಾ ಎಂಬ ಅಸಿಸ್ಟೆಂಟ್ ಡೈರೆಕ್ಟರ್ ನಾಟಕಕ್ಕೆ ಬಂದಿದ್ದ. ಅವನಿಗೆ ಕನ್ನಡ ಒಂದಕ್ಷರ ಬರದು, ಆದರೆ ನನ್ನ ದಪ್ಪ ಹುಬ್ಬೂ ದೊಡ್ಡ ಕಣ್ಣೂ ಹಿಡಿಸಿಬಿಟ್ಟವು. ಅಂಧೇರಿ ಕಡೆಯ ಸ್ಟುಡಿಯೋಗೆ ಕರೆದುಕೊಂಡು ಹೋದ. ಕಣ್ಣೀರಿನ ಸಂಸಾರದ ಕತೆ. ತೀರಿಹೋದ ತಮ್ಮನ ಹೆಂಡತಿಯನ್ನು ಕೈಗೂಸಿನ ಸಮೇತ ಸುರಿಯುವ ಮಳೆಯಲ್ಲಿ ಹೊರಗೆ ನೂಕಿ ಬಾಗಿಲು ಹಾಕಿಕೊಳ್ಳುವ ಅಣ್ಣ ನಾನು. ನನ್ನ ಹಿಂದಿಗೆ ಮೈಸೂರಿನ ಒಗ್ಗರಣೆ ಇದ್ದದ್ದರಿಂದ ಮಾತುಗಳನ್ನು ಬೇರೆಯವರಿಂದ ಆಡಿಸಿದರು. ಮುಖ ಮಾತ್ರ ನನ್ನದು.

ಸಿನಿಮಾ ಬಿಡುಗಡೆಯಾದಾಗ ಆಫೀಸಿನವರಿಗೆಲ್ಲ ಪೇಡಾ ಹಂಚಿದೆ. ಮೊದಲ ವಾರ ಅಮ್ಮನಿಗೆ ಜ್ವರ, ಅವಳನ್ನು ಬಿಟ್ಟು ನೋಡಲು ಮನಸ್ಸಾಗಲಿಲ್ಲ. ಮುಂದಿನ ವಾರ ಮೂವರೂ ಒಳ್ಳೆ ಬಟ್ಟೆ ಹಾಕಿಕೊಂಡು ಕುರ್ಲಾಕ್ಕೆ ಹೋದರೆ ಥಿಯೇಟರಿನ ಮೇಲೆ ಬೇರೆ ಪೋಸ್ಟರ್! ಟಿಕೆಟ್ ಕೊಡುವವನನ್ನು ಕೇಳಿದೆ. "ವೋ? ವೋ ತೋ ಉತರ್ ಗಯೀ ಸಾಬ್," ಎಂದ. ಜನವೇ ಬರಲಿಲ್ಲವೆಂದು ತೆಗೆದುಬಿಟ್ಟಿದ್ದರಂತೆ.

"ಹೋಗ್ಲಿ ಬಿಡೋ, ಬಂದದ್ದು ಬಂದಾಯ್ತು," ಎಂದ ಅಮ್ಮ ನಮ್ಮನ್ನು ಆ ಬೇರೆ ಸಿನಿಮಾಗೇ ಕೂರಿಸಿದಳು. ಊರಲ್ಲೆಲ್ಲೂ ನಮ್ಮ ಚಿತ್ರ ಉಳಿದಿರಲಿಲ್ಲ. ಆಫೀಸಿನಲ್ಲಿ ಒಬ್ಬರೂ ನೋಡಿರಲಿಲ್ಲ. 'ಯಾರೂ ನೋಡದ ಹೀರೋ' ಎಂದು ಸ್ವಲ್ಪ ದಿನ ತಮಾಷೆ ಮಾಡಿದರು, ಆಮೇಲೆ ಅವರೂ ಮರೆತರು, ನಾನೂ ಮರೆತೆ.

ಸರಿ, ಹೆಣ್ಣು ನೋಡುವ ಭಾನುವಾರ ಬಂತು. ಮನೆಯೆಲ್ಲ ಉಪ್ಪಿಟ್ಟು, ಕೇಸರಿಬಾತಿನ ಪರಿಮಳ. ಬಾಗಿಲು ತೆಗೆದವನು ನಾನೇ. ಮೊದಲು ಪ್ರಭಾಕರ ಬಂದರು, ಅವರ ಹಿಂದೆ ಅವರ ತಾಯಿ ರುಕ್ಮಿಣಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ತಲೆ ಎತ್ತಿ ನನ್ನ ಮುಖ ನೋಡಿದವರೇ ಹೊಸ್ತಿಲಾಚೆ ನಿಂತುಬಿಟ್ಟರು. ಮುಖದ ನಗು ಮಾಯ.

"ಬನ್ನಿ ಅಮ್ಮ, ಒಳಗೆ ಬನ್ನಿ," ಎಂದೆ.

"ಇವರು ಯಾರು?" ಎಂದು ನನ್ನನ್ನು ಬಿಟ್ಟು ನನ್ನ ಹಿಂದೆ ನಿಂತಿದ್ದ ಅಮ್ಮನನ್ನು ಕೇಳಿದರು.

"ನನ್ನ ಮಗ ಕಣ್ರೀ. ಹುಡುಗಿಯ ಅಣ್ಣ."

ಅವರು ನಿಟ್ಟುಸಿರುಬಿಟ್ಟು ಒಳಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಉಪ್ಪಿಟ್ಟಿನ ತಟ್ಟೆಯನ್ನು ಮುಟ್ಟಲಿಲ್ಲ. ಕಾಫಿ ಲೋಟ ತಂದಿಟ್ಟ ವಿಮಲಾಳ ಕಡೆ ಒಮ್ಮೆ ಮಾತ್ರ ನೋಡಿದರು, ಉಳಿದ ಹೊತ್ತೆಲ್ಲ ನನ್ನನ್ನೇ. ನನ್ನ ಅಂಗಿಗೆ ಏನಾದರೂ ಅಂಟಿದೆಯೇನೋ ಎಂದು ನಾನು ಎರಡು ಸಲ ತಡವಿಕೊಂಡೆ. ಅಮ್ಮ ಹವೆಯ ಬಗ್ಗೆ ಮಾತೆತ್ತಿದಳು, ನೀರಿನ ತೊಂದರೆಯ ಬಗ್ಗೆ ಮಾತೆತ್ತಿದಳು. ಕೊನೆಗೆ ರುಕ್ಮಿಣಮ್ಮ ಕೇಳಿದರು:

"ನೀವು ಸಿನಿಮಾದಲ್ಲಿ ಪಾರ್ಟ್ ಮಾಡಿದ್ರಾ?"

ನನಗೆ ಖುಷಿಯೋ ಖುಷಿ. "ಹೌದು! ನೀವು ನೋಡಿದ್ದೀರಾ?" ಎಂದು ಎದ್ದೇ ನಿಂತೆ. ಅಷ್ಟು ವರ್ಷದಲ್ಲಿ ಆ ಸಿನಿಮಾ ನೋಡಿದ ಮೊದಲ ಮನುಷ್ಯಪ್ರಾಣಿ ನನ್ನ ಕಣ್ಣಿಗೆ ಬಿದ್ದಿತ್ತು. ಅಮ್ಮ ಹಿಂದಿನಿಂದ ನನ್ನ ಅಂಗಿ ಹಿಡಿದು ಕೂರಿಸಿದಳು.

"ಎಷ್ಟು ಸಲ ನೋಡಿದ್ದೀನಿ ಅಂತ ಕೇಳಿ," ಎಂದರು ಅವರು. "ನಮ್ಮೂರಲ್ಲಿ ಅದು ತಿಂಗಳುಗಟ್ಟಲೆ ಓಡ್ತು. ಪಕ್ಕದ ದೇಶದ ದಾರ್ ಎಸ್ ಸಲಾಮಿನಲ್ಲೂ ಹಾಗೇ ಅಂತೆ. ಆ ಹುಡುಗಿ ಮಗು ಎತ್ಕೊಂಡು ಮಳೇಲಿ ನಿಂತು ಬೇಡ್ಕೊಳ್ತಾಳೆ. ನೀವು ಬಾಗಿಲು ಹಾಕ್ಕೊಂಡ್ರಲ್ಲ!"

"ಅಮ್ಮಾ, ಅದು ಸಿನಿಮಾ," ಎಂದು ಪ್ರಭಾಕರ ಮೆಲ್ಲಗೆ ಹೇಳಿದರು.

"ನಂಗೂ ಗೊತ್ತು ಕಣೋ ಅದು ಸಿನಿಮಾ ಅಂತ." ಅವರ ಧ್ವನಿ ಸಣ್ಣದಾಯಿತು. "ನಿಮ್ಮಪ್ಪ ಹೋದಾಗ ನಿಮ್ಮ ದೊಡ್ಡಪ್ಪ ನಮ್ಮನ್ನ ಕಳಿಸಿದ್ದೂ ಹೀಗೇ. ನೀನಾಗ ಕಂಕುಳಲ್ಲಿದ್ದೆ. ನೈರೋಬಿಯಿಂದ ನನ್ನಣ್ಣ ಟಿಕೆಟ್ ಕಳಿಸದೇ ಇದ್ದಿದ್ರೆ ನಾವೆಲ್ಲಿರ್ತಿದ್ವೋ. ಈಗ ಈ ಮುಖಾನ ನೆಂಟಸ್ತಿಕೆಯಲ್ಲಿ ನೋಡ್ಕೊಂಡಿರೋದು ಅಂದ್ರೆ..." ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು.

ನನ್ನ ಖುಷಿ ಎಲ್ಲಿ ಹೋಯಿತೋ. ತಂಗಿಯ ಮದುವೆ ನನ್ನ ಹುಬ್ಬಿನಿಂದಾಗಿ ಮುರಿದುಬೀಳುತ್ತಿತ್ತು. ನಾನು ಒಳ್ಳೆಯವನು ಎಂದು ನಾನೇ ಹೇಳಿಕೊಳ್ಳುವುದು ಹೇಗೆ?

ಆಗ ಬಾಯಿ ಬಿಟ್ಟವಳು ವಿಮಲಾ. ಹೆಣ್ಣು ನೋಡಲು ಬಂದಾಗ ಹೆಣ್ಣು ತಲೆ ತಗ್ಗಿಸಿಕೊಂಡು ಕೂರುತ್ತಿದ್ದ ಕಾಲ ಅದು. ಅವಳು ತಲೆ ಎತ್ತಿ ನೇರವಾಗಿ ರುಕ್ಮಿಣಮ್ಮನವರ ಮುಖ ನೋಡಿದಳು.

"ಅಮ್ಮ, ಆ ಸೀನು ನಮ್ಮಣ್ಣನಿಂದಾಗಿ ಎಷ್ಟು ಸಲ ಕೆಟ್ಟುಹೋಯ್ತು ಗೊತ್ತಾ? ಪೈಪಿಂದ ಮಳೆ ಬಿಡ್ತಿದ್ರಂತೆ. ಮಗು ನಿಜವಾದ ಮಗು. ನೀರು ಬಿದ್ದ ಕೂಡ್ಲೇ ಕಿಟಾರಂತ ಕಿರಚ್ತು. ಇವನು ಬಾಗಿಲು ಹಾಕೋದು ಬಿಟ್ಟು ಹೊರಗೆ ಓಡಿಹೋಗಿ ಮಗೂನ ಒಳಗೆ ಎತ್ಕೊಂಡು ಬಂದ. ಒಂದು ಸಲ ಅಲ್ಲ, ಮತ್ತೆ ಮತ್ತೆ! 'ಅರೇ ಭಾಯ್, ದರ್ವಾಜಾ ಬಂದ್ ಕರೋ' ಅಂತ ಡೈರೆಕ್ಟರ್ ತಲೆ ತಲೆ ಚಚ್ಚಿಕೊಂಡ್ರಂತೆ. ಕೊನೆಗೆ ಮಗು ಬದಲು ಟವಲ್ ಸುತ್ತಿದ ದಿಂಬು ಕೊಟ್ಟ ಮೇಲೇ ಇವನು ಬಾಗಿಲು ಹಾಕಿದ್ದು."

ಇದು ಪೂರಾ ನಿಜ. ಆ ದಿನ ಸ್ಟುಡಿಯೋದಿಂದ ಬಂದು ನಾಚಿಕೆಯಿಂದ ಮನೆಯಲ್ಲಿ ಮಾತ್ರ ಹೇಳಿಕೊಂಡಿದ್ದೆ.

ರುಕ್ಮಿಣಮ್ಮ ನನ್ನನ್ನು ದಿಟ್ಟಿಸಿದರು. "ದಿಂಬಾ?"

"ದಿಂಬು," ಎಂದೆ.

"ಅಷ್ಟು ಅತ್ತಿದ್ದು ದಿಂಬಿಗಾ ನಾನು?" ಎಂದರು. ಆಮೇಲೆ ಕೇಳಿದರು, "ಆ ಮಗುಗೆ ನೆಗಡಿ ಗಿಗಡಿ ಆಗ್ಲಿಲ್ಲ ತಾನೇ?"

"ಇಲ್ಲಮ್ಮ. ಅದರ ತಾಯಿ ಪಕ್ಕದಲ್ಲೇ ನಿಂತಿದ್ರು. ಒರೆಸಿ, ಹಾಲು ಕೊಟ್ಟು ಮಲಗಿಸಿಬಿಟ್ರು."

ಪ್ರಭಾಕರ ಅಷ್ಟು ಹೊತ್ತು ತಡೆದುಕೊಂಡಿದ್ದ ನಗು ಒಮ್ಮೆಲೇ ಸಿಡಿಯಿತು. "ನಮ್ಮಲ್ಲಿ ಕಾರಲ್ಲೇ ಕೂತು ನೋಡೋ ಬಯಲು ಥಿಯೇಟರ್ ಇದೆ. ನೀವು ಬಾಗಿಲು ಹಾಕಿದ ಕೂಡ್ಲೇ ಅಮ್ಮ ಕಾರಿನ ಗಾಜು ಇಳಿಸಿ ನಿಮಗೆ ಕನ್ನಡದಲ್ಲಿ ಬೈದ್ರು. ಪಕ್ಕದ ಕಾರಿನವರು ಗುಜರಾತಿಯಲ್ಲಿ ಬೈದ್ರು," ಎಂದರು.

"ಏನಂತ ಬೈದ್ರಿ ಅಮ್ಮ?" ಎಂದು ವಿಮಲಾ ಕೇಳಿದಳು.

"ಅದೆಲ್ಲ ಈಗ ಹೇಳೋಕಾಗತ್ತೇನೇ?" ಎಂದು ರುಕ್ಮಿಣಮ್ಮ ಕೆಂಪಗಾದರು. ಉಪ್ಪಿಟ್ಟಿನ ತಟ್ಟೆ ಕೈಗೆತ್ತಿಕೊಂಡರು. ಆರಿಹೋಗಿದೆ, ಬಿಸಿ ಮಾಡಿ ತರುತ್ತೇನೆಂದು ಅಮ್ಮ ಎಷ್ಟು ಹೇಳಿದರೂ ಕೇಳದೆ ಪೂರ್ತಿ ತಿಂದು, ಇನ್ನಷ್ಟು ಹಾಕಿಸಿಕೊಂಡರು. "ಹುಡುಗಿ ಅಣ್ಣನ್ನ ಬಿಟ್ಟುಕೊಡಲಿಲ್ಲ ನೋಡಿ. ಇಂಥವಳು ನಮ್ಮನ್ನೂ ಬಿಟ್ಟುಕೊಡಲ್ಲ," ಎಂದು ಅಮ್ಮನಿಗೆ ಹೇಳಿದರು. ಮಾತುಕತೆ ಅಲ್ಲಿಗೆ ಮುಗಿಯಿತು.

ಅಂದು ಸಂಜೆಯೇ ಮಿಶ್ರಾನ ಮನೆಗೆ ಓಡಿದೆ. ಅವನಿನ್ನೂ ಅಸಿಸ್ಟೆಂಟ್ ಆಗಿಯೇ ಇದ್ದ. ವಿದೇಶದ ಹಕ್ಕನ್ನು ನಿರ್ಮಾಪಕರು ಬಿಡುಗಡೆಗೆ ಮುಂಚೆಯೇ ಯಾರಿಗೋ ಮಾರಿಬಿಟ್ಟಿದ್ದರಂತೆ. ಆ ರೀಲಿನ ಡಬ್ಬಿಗಳು ಸಮುದ್ರ ದಾಟಿ ಏನಾದವೆಂದು ಇಲ್ಲಿ ಯಾರೂ ವಿಚಾರಿಸಿರಲಿಲ್ಲ. "ಸಚ್? ವಹಾಂ ಚಲೀ?" ಎಂದು, ಅಲ್ಲಿ ಅದು ಓಡಿದ್ದನ್ನು ನಂಬಲಾರದೆ ಮತ್ತೆ ಮತ್ತೆ ಕೇಳಿದ. ಕಾರಿನ ಗಾಜು ಇಳಿಸಿ ಬೈದದ್ದನ್ನು ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡ. ಆಮೇಲೆ ಹೆಂಡತಿಯನ್ನು ಕರೆದು, "ಸುನೋ, ಅಪ್ನೀ ಪಿಕ್ಚರ್ ಚಲೀ ಥೀ," ಎಂದ. ಆ ಚಿತ್ರದ ಸೋಲು ಅವನನ್ನು ಎಷ್ಟು ಕೊರೆದಿತ್ತೆಂದು ನನಗೆ ತಿಳಿದದ್ದು ಆಗಲೇ.

ಮದುವೆ ಜೂನಿನಲ್ಲಿ ಸರಳವಾಗಿ ನಡೆಯಿತು. ಅವರನ್ನು ಕಳಿಸಲು ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಹೋದಾಗ ಅದೇ ವಿಮಾನಕ್ಕೆ ಹೊರಟಿದ್ದ ಗುಜರಾತಿ ಹೆಂಗಸರ ಒಂದು ಗುಂಪು ನನ್ನತ್ತ ಕೈ ಮಾಡಿ ಏನೋ ಪಿಸುಗುಟ್ಟಿತು. ಒಬ್ಬಾಕೆ ಮಗುವನ್ನು ಹತ್ತಿರಕ್ಕೆಳೆದುಕೊಂಡರು. ರುಕ್ಮಿಣಮ್ಮ ಅದನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಅವರ ಬಳಿ ಹೋಗಿ ನಾನು ತಮ್ಮ ಸೊಸೆಯ ಅಣ್ಣನೆಂದು ತಮ್ಮ ಹರಕು ಹಿಂದಿಯಲ್ಲಿ ಘೋಷಿಸಿದರು: "ಯೇ ಹಮಾರಾ ಬಹೂ ಕಾ ಭಾಯಿ! ಸಿನಿಮಾ ಮೇ ಖರಾಬ್, ಘರ್ ಮೇ ಬಹುತ್ ಅಚ್ಛಾ!"

ಅಳುತ್ತಿದ್ದ ವಿಮಲಾ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಗುತ್ತಲೇ ಒಳಗೆ ಹೋದಳು.

ಎರಡು ವರ್ಷದ ಮೇಲೆ ಅವಳು ಬಾಣಂತನಕ್ಕೆ ಬಂದಾಗ ಹೇಳಿದಳು, ಆ ಚಿತ್ರವನ್ನು ಅಲ್ಲಿ ಮತ್ತೆ ಹಾಕಿದ್ದರಂತೆ. ನನ್ನ ಮುಖ ಕಂಡದ್ದೇ ತಡ, ಸುತ್ತಲಿನ ಕಾರುಗಳೆಲ್ಲ ಸಿಟ್ಟಿನಿಂದ ಹಾರ್ನ್ ಹೊಡೆದವಂತೆ. "ನಾನು, ಅತ್ತೆ ಇಬ್ರೂ ಚಪ್ಪಾಳೆ ತಟ್ಟಿದ್ವಿ ಅಣ್ಣ," ಎಂದಳು.

ನಾನು ಇವತ್ತಿಗೂ ಆ ಸಿನಿಮಾ ನೋಡಿಲ್ಲ. ಇನ್ನು ಸಿಗುವಂತೆಯೂ ಇಲ್ಲ. ಆದರೆ ಮುಂಬಯಿ ಕಣ್ಣೆತ್ತಿ ನೋಡದ ನನ್ನ ಮುಖಕ್ಕೆ ಒಂದು ದೂರದ ಊರು ಕಾರು ನಿಲ್ಲಿಸಿಕೊಂಡು ಮನಸಾರೆ ಬೈದಿತ್ತು ಎಂದು ನೆನೆದಾಗಲೆಲ್ಲ, ಯಾರೋ ಹಾರ ಹಾಕಿದಷ್ಟು ಖುಷಿಯಾಗುತ್ತದೆ.