ಅತ್ತೆಯ ಹಲಗೆಯ ಬಿರುಕು

ಊರವರ ಬಾಯಲ್ಲಿ ಅವನು ‘ನಾಳೆ ಮೇಸ್ತ್ರಿ’. ಮರಗೆಲಸದಲ್ಲಿ ಎತ್ತಿದ ಕೈ, ಆದರೆ ಯಾರು ಏನು ಕೇಳಿದರೂ ನಾಲಿಗೆಯ ತುದಿಯಲ್ಲಿ ‘ನಾಳೆ’ ಸಿದ್ಧ. ಊರವರ ಪಾಲಿಗೆ ಆ ನಾಳೆ ಒಂದಲ್ಲ ಒಂದು ದಿನ ಬರುತ್ತಿತ್ತು, ಮನೆಯವರಿಗೆ ಅದೂ ಇಲ್ಲ. ಅವನು ಕೆಲಸ ಮಾಡುವ ಷೆಡ್ಡು ಅಡುಗೆಮನೆಯ ಗೋಡೆಗೇ ಅಂಟಿಕೊಂಡಿತ್ತು. ಆದರೂ ತರಕಾರಿ ಹೆಚ್ಚುವ ಹಲಗೆ ನಟ್ಟನಡುವೆ ಬಿರುಕು ಬಿಟ್ಟು ವರ್ಷಗಳೇ ಕಳೆದಿದ್ದವು.

“ಊರಿನ ಬಾಗಿಲೆಲ್ಲ ರಿಪೇರಿ ಮಾಡ್ತೀರಿ, ನಮ್ಮಮ್ಮ ಮಾತ್ರ ಆ ಸೀಳು ಹಲಗೆ ಮೇಲೇ ಹೆಚ್ಚಬೇಕು” ಎಂದು ಹೆಂಡತಿ ನೆಂಟರೆದುರಿಗೇ ಅಂದಾಗ ಅವನಿಗೆ ತಲೆ ಎತ್ತಲಾಗಲಿಲ್ಲ. ಅತ್ತೆಗೆ ಆ ಮನೆಯಲ್ಲಿ ಉಳಿದಿದ್ದ ಕೆಲಸ ಅದೊಂದೇ. ಆಪರೇಷನ್ ಆದರೂ ಕಣ್ಣು ಮಂಜು ಎಂದು ಮಗಳು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. “ಹೆಚ್ಚೋದನ್ನೂ ಕಿತ್ಕೊಂಡ್ರೆ ಗೋಡೆ ನೋಡ್ಕೊಂಡು ಕೂತಿರ್ಲಾ?” ಎಂದು ಹಟ ಹಿಡಿದು ಅವರು ಚಾಕು ಉಳಿಸಿಕೊಂಡಿದ್ದರು.

ಮರುದಿನವೇ ಹಲಗೆ ಷೆಡ್ಡಿಗೆ ಹೋಯಿತು. ಮೇಸ್ತ್ರಿ ಬಿರುಕಿನ ಕೊಳೆ ಕೆರೆದು, ನೆರಳಲ್ಲಿ ಒಣಗಿಸಿ, ಆಹಾರಕ್ಕೆ ತಾಗಿದರೂ ಹಾನಿಯಿಲ್ಲದ ಅಂಟು ತುಂಬಿ, ಕ್ಲ್ಯಾಂಪಿನಲ್ಲಿ ಬಿಗಿದಿಟ್ಟ.

“ವಾರ್ನಿಷ್ ಬಳಿಯೋ, ಕನ್ನಡಿ ತರ ಹೊಳಿಯುತ್ತೆ” ಎಂದ ಪಕ್ಕದ ಬೀಗ ರಿಪೇರಿಯವನು.

“ಹೊಳಿಯುತ್ತೆ, ಆಮೇಲೆ ಚೂರುಚೂರಾಗಿ ಹೊಟ್ಟೆಗೂ ಹೋಗುತ್ತೆ” ಎಂದು ಅವನು ಜೇನುಮೇಣ ಕರಗಿಸಿದ ಎಣ್ಣೆಯನ್ನೇ ತಿಕ್ಕಿದ. ಬಿರುಕು ಎಲ್ಲಿತ್ತೆಂದು ಉಗುರಿಗೂ ತಿಳಿಯದಷ್ಟು ನುಣುಪಾಯಿತು.

ಹಲಗೆ ಅಡುಗೆಮನೆಗೆ ಮರಳಿದಾಗ ಅತ್ತೆ ಅದರ ಮೇಲೆ ಅಂಗೈ ಆಡಿಸಿದರು, ಮತ್ತೆ ಆಡಿಸಿದರು. “ಚೆನ್ನಾಗಿದೆ ಅಳಿಯಂದ್ರೇ” ಎಂದರು, ದನಿಯಲ್ಲಿ ಜೀವವಿರಲಿಲ್ಲ. ಇಷ್ಟು ಸತಾಯಿಸಿದ್ದಕ್ಕೆ ಬೇಸರವಿರಬೇಕು ಅಂದುಕೊಂಡ.

ಅವತ್ತೇ ಕ್ಯಾರೆಟ್ ಹೆಚ್ಚುವಾಗ ಚಾಕು ಅವರ ಎಡಗೈ ಹೆಬ್ಬೆರಳ ಮೇಲೆ ಬಿತ್ತು.

“ಕೈ ಜಾರ್ತು, ಅಷ್ಟೇ” ಎಂದರು.

“ಇನ್ನೊಂದ್ಸಲ ಹೀಗಾದ್ರೆ ನೀನು ಚಾಕು ಮುಟ್ಟೋ ಹಾಗಿಲ್ಲಮ್ಮ” ಎಂದು ಮಗಳು ಬೆರಳಿಗೆ ಬಟ್ಟೆ ಸುತ್ತಿದಳು.

ಮರುದಿನ ಬೆಳಿಗ್ಗೆ ಮೇಸ್ತ್ರಿ ನೀರಿಗೆಂದು ಅಡುಗೆಮನೆಗೆ ಬಂದ. ಅತ್ತೆ ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಹಲಗೆಯ ನಡುವೆ ಏನನ್ನೋ ತಡಕುತ್ತಿದ್ದರು. ಅವನು ಎದುರಿಗೇ ನಿಂತಿದ್ದರೂ ಅವರಿಗೆ ತಿಳಿಯಲಿಲ್ಲ. ಆಗಲೇ ಅವನಿಗೆ ಹೊಳೆಯಿತು. ಇದು ಮಂಜಲ್ಲ, ಅವರಿಗೆ ಕಾಣುವುದೇ ಇಲ್ಲ. ಇಷ್ಟು ದಿನ ಹೆಬ್ಬೆರಳನ್ನು ಬಿರುಕಿಗೆ ಊರಿ, ಚಾಕುವನ್ನು ಅದರ ಆಚೆಗಷ್ಟೇ ಆಡಿಸುತ್ತಿದ್ದರು. ಆ ಗಡಿಯನ್ನು ಅವನು ತನ್ನ ಕೈಯಾರೆ ಅಳಿಸಿಹಾಕಿದ್ದ.

“ಅತ್ತೆ, ಬಿರುಕು ಹುಡುಕ್ತಿದೀರಾ?”

ಅವರು ಬೆಚ್ಚಿ ಕೈ ಎಳೆದುಕೊಂಡರು. “ಅವಳಿಗೆ ಹೇಳ್ಬೇಡಿ.”

“ನನಗಾದ್ರೂ ಮೊದ್ಲೇ ಹೇಳಬಾರದಿತ್ತಾ?”

“ಅಷ್ಟು ಪ್ರೀತಿಯಿಂದ ಮಾಡಿಕೊಟ್ರಿ. ಹೇಗೆ ಹೇಳ್ಲಿ?”

ಆ ಮಾತು ಅವನನ್ನು ಇನ್ನಷ್ಟು ಕೊಂದಿತು. ಹೆಂಡತಿಗೆ ಹೇಳಿದರೆ ಅತ್ತೆಯ ಕೈಯಿಂದ ಚಾಕು ಹೋಗುತ್ತದೆ, ಹೇಳದಿದ್ದರೆ ಬೆರಳೇ ಹೋದೀತು. ಯಾವುದೇ ಆದರೂ ಪಾಪ ತನ್ನ ತಲೆಗೇ. ಆದರೆ ಈ ಸಲ ಅವನು ನಾಳೆ ಎನ್ನಲಿಲ್ಲ. ಉಳಿ ತಂದು, ಬಿರುಕಿದ್ದ ಜಾಗದಲ್ಲೇ ಹೆಬ್ಬೆರಳು ಕೂರುವಷ್ಟು ಅಗಲದ ಗೆರೆ ಕೊರೆದು, ಅಂಚು ಉಜ್ಜಿ, ಮೇಣದೆಣ್ಣೆ ತಿಕ್ಕಿದ. ಅತ್ತೆಯ ಬೆರಳು ಗೆರೆಗೆ ಇಳಿಯಿತು. ಅವರು ಚಾಕು ಎತ್ತಿಕೊಂಡರು.

“ಅಯ್ಯೋ, ಸರಿಯಾಗಿದ್ದ ಹಲಗೆಗೆ ಏನ್ರೀ ಮಾಡಿದ್ರಿ!” ಎಂದು ಹೆಂಡತಿ ಹೌಹಾರಿದಳು.

“ಉಳಿ ಜಾರ್ತು, ಅಷ್ಟೇ” ಎಂದ.

ಈಗ ಗೋಡೆಯಾಚೆ ಚಾಕುವಿನ ಟಕಟಕ ಸದ್ದು ನಡುವೆ ನಿಂತರೆ ಸಾಕು, ಷೆಡ್ಡಿನಲ್ಲಿ ಅವನ ಉಳಿಯೂ ನಿಲ್ಲುತ್ತದೆ. ಸದ್ದು ಮತ್ತೆ ಶುರುವಾಗುವ ತನಕ ಅವನು ಉಸಿರು ಬಿಡುವುದಿಲ್ಲ.